ಒಂದು ಹೊರೆ ಒಣ ಸೌದೆ

'ದೇಶ ಸುತ್ತು, ಇಲ್ಲವೇ ಕೋಶ ಓದು' ಎಂಬುದು ನಮ್ಮ ಹಿರಿಯರ ಮಾತು. ಎರಡರಲ್ಲಿ ಒಂದನ್ನಾದರೂ ಮಾಡಿದರೆ ಸಾಕೆಂಬುದು ಅವರ ಆಶಯವಾಗಿರಬೇಕು. ಎರಡನ್ನೂ ಒಟ್ಟಿಗೆ ಮಾಡುವ ಭಾಗ್ಯ ನನಗೆ 2018ನೆಯ ಇಸವಿಯಲ್ಲಿ ದೊರೆಯಿತು. ಬೆಂಗಳೂರಿನಲ್ಲಿ ಭೂವಿಜ್ಞಾನದ ಪದವಿಗಾಗಿ ಓದುತ್ತಿದ್ದ ನಾನು ಆ ವರ್ಷದ ಜುಲೈನಿಂದ ನವೆಂಬರಿನವರೆಗೆ, ಒಂದು ಸೆಮಿಸ್ಟರಿನ ಕಾಲ, ನ್ಯೂಜಿಲೆಂಡಿನ ಡನೀಡಿನ್ ನಗರದಲ್ಲಿರುವ ಒಟಾಗೊ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದೆ. ಅಲ್ಲಿ ಕೊಠಡಿಯಲ್ಲಿ ಕುಳಿತು ಕಲಿತದ್ದು ಪರೀಕ್ಷೆಯ ಉತ್ತರಪತ್ರಿಕೆಗಳಿಗೆ ಸಂದಿತು. ಆದರೆ ಒಂದು ಮಳೆಯ ಸಂಜೆ, ಕಾಡಿನ ನಡುವಿನ ಪುಟ್ಟ ಮನೆಯೊಂದರಲ್ಲಿ, ಒದ್ದೆ ಬಟ್ಟೆಯಲ್ಲಿ ನಡುಗುತ್ತ ಕಲಿತ ಪಾಠ ಮಾತ್ರ ಇಂದಿಗೂ ನನ್ನೊಡನಿದೆ. ಅದನ್ನು ನಿಮ್ಮ ಮುಂದಿಡಬೇಕೆಂಬುದೇ ಈ ಬರಹದ ಉದ್ದೇಶ.

ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ತೀರ್ಥಹಳ್ಳಿಯ ಸೀಮೆಯಲ್ಲಿ. ಮಳೆಗಾಲದಲ್ಲಿ ಶಾಲೆಗೆ ಹೋಗಬೇಕಾದರೆ ತುಂಬಿ ಹರಿಯುವ ಎರಡು ಹಳ್ಳಗಳನ್ನು ಸಂಕದ ಮೇಲೆ ದಾಟಬೇಕಾಗಿತ್ತು. ರಜೆ ಬಂತೆಂದರೆ ಗುಡ್ಡ ಹತ್ತುವುದು, ಕಾಡು ಸುತ್ತುವುದು, ಹೊಳೆಯಲ್ಲಿ ಈಜುವುದು, ಇವೇ ನನ್ನ ಆಟಗಳು. ಕಾಲೇಜು ಸೇರುವಷ್ಟರಲ್ಲಿ ಕೊಡಚಾದ್ರಿ, ಕುದುರೆಮುಖಗಳನ್ನು ಹತ್ತಿಳಿದು, ನಮ್ಮ ನಾಡಿನ ಅತಿ ಎತ್ತರದ ಶಿಖರವಾದ 1,930 ಮೀಟರುಗಳ ಮುಳ್ಳಯ್ಯನಗಿರಿಯ ತುದಿಯಲ್ಲಿಯೂ ನಿಂತು ಬಂದಿದ್ದೆ. ಹೀಗಾಗಿ ಕಾಡು ಬೆಟ್ಟಗಳ ವಿಷಯದಲ್ಲಿ ನನಗೆ ಇನ್ನೊಬ್ಬರು ಹೇಳಿಕೊಡಬೇಕಾದುದೇನೂ ಉಳಿದಿಲ್ಲವೆಂಬ ಹಮ್ಮು ನನ್ನಲ್ಲಿ ಮನೆಮಾಡಿತ್ತು. ನ್ಯೂಜಿಲೆಂಡನ್ನು ಆರಿಸಿಕೊಂಡದ್ದೂ ಓದಿಗಿಂತ ಹೆಚ್ಚಾಗಿ ಅಲ್ಲಿನ ಪರ್ವತಗಳ ಆಸೆಯಿಂದಲೇ ಎಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ.

ಡನೀಡಿನ್ ನಗರವನ್ನು 1848ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ವಲಸೆಗಾರರು ಕಟ್ಟಿದರು. ಅವರು 1869ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯವೇ ಆ ದೇಶದ ಅತ್ಯಂತ ಹಳೆಯ ವಿಶ್ವವಿದ್ಯಾಲಯ. ನಾನು ಅಲ್ಲಿಗೆ ಮುಟ್ಟಿದಾಗ ಜುಲೈ ತಿಂಗಳು. ನಮ್ಮೂರಿನಲ್ಲಿ ಜಡಿಮಳೆ, ಅಲ್ಲಿ ಕೊರೆಯುವ ಚಳಿಗಾಲ. ಭೂಮಿಯ ದಕ್ಷಿಣಾರ್ಧಗೋಳದಲ್ಲಿ ಋತುಗಳು ತಿರುವುಮುರುವು ಎಂದು ಪುಸ್ತಕದಲ್ಲಿ ಓದಿದ್ದೆನಾದರೂ, ಓದಿದ್ದನ್ನು ಮೈ ನಂಬಲು ಕೆಲವು ದಿನಗಳೇ ಬೇಕಾದುವು. ನಮ್ಮಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿ ಸಾಗುತ್ತಾನೆ. ಅಲ್ಲಿ ಉತ್ತರಕ್ಕೆ ವಾಲಿ ಸಾಗುತ್ತಿದ್ದ. ಸೂರ್ಯನನ್ನು ನೋಡಿ ದಿಕ್ಕು ತಿಳಿಯುವ ನನ್ನ ಹಳೆಯ ಜಾಣತನ ಮೊದಲ ವಾರವೇ ಕೈಕೊಟ್ಟು, ಪೇಟೆಗೆಂದು ಹೊರಟವನು ಊರ ಹೊರಗಿನ ಗುಡ್ಡದ ಬುಡದಲ್ಲಿ ನಿಂತಿದ್ದೆ! ಒಂದು ರಾತ್ರಿ ತಲೆಯೆತ್ತಿ ನೋಡಿದರೆ, ಅಜ್ಜಿ ತೋರಿಸಿಕೊಟ್ಟಿದ್ದ ಚಂದ್ರನೊಳಗಿನ ಮೊಲ ಅಲ್ಲಿ ತಲೆಕೆಳಗಾಗಿತ್ತು. ಚಂದ್ರನು ಬದಲಾಗಿರಲಿಲ್ಲ, ನಾನು ನಿಂತ ನೆಲ ಬದಲಾಗಿತ್ತು.

ತರಗತಿಯಲ್ಲಿ ಮಾತ್ರ ನನ್ನ ಊರು ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿತ್ತು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಬೆನ್ನೆಲುಬಿನಂತೆ ಹಬ್ಬಿರುವ ಪರ್ವತಶ್ರೇಣಿಗೆ ದಕ್ಷಿಣ ಆಲ್ಪ್ಸ್ ಎಂದು ಹೆಸರು. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರು ಅವೊರಾಕಿ ಎಂದು ಕರೆಯುವ ಮೌಂಟ್ ಕುಕ್ ಶಿಖರವು 3,724 ಮೀಟರುಗಳಷ್ಟು ಎತ್ತರವಾಗಿದೆ. ಪಶ್ಚಿಮದ ಸಮುದ್ರದಿಂದ ಬೀಸಿ ಬರುವ ತೇವದ ಗಾಳಿ ಈ ಪರ್ವತಗಳಿಗೆ ತಾಕಿ, ಮೇಲೇರಿ, ತಂಪಾಗಿ, ತನ್ನ ನೀರನ್ನೆಲ್ಲ ಪಶ್ಚಿಮದ ಇಳಿಜಾರುಗಳಲ್ಲಿ ಸುರಿಸಿಬಿಡುತ್ತದೆ. ಆ ಕರಾವಳಿಯ ಮಿಲ್ಫರ್ಡ್ ಸೌಂಡ್ ಎಂಬಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಪರ್ವತವನ್ನು ದಾಟಿ ಪೂರ್ವಕ್ಕೆ ಬಂದರೆ ಅಲೆಗ್ಸಾಂಡ್ರಾ ಎಂಬ ಊರಿನಲ್ಲಿ 400 ಮಿಲಿಮೀಟರೂ ಇಲ್ಲ. ನಮ್ಮ ಸಹ್ಯಾದ್ರಿಯ ಕಥೆಯೂ ಇದೇ ಅಲ್ಲವೆ? ಅರಬ್ಬೀ ಸಮುದ್ರದ ಮೋಡಗಳು ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಸಿ, ಚಿತ್ರದುರ್ಗದ ಬಯಲಿಗೆ ಬರುವಾಗ ಬರಿಗೈಯಾಗಿರುತ್ತವೆ. ಈ ಹೋಲಿಕೆಯನ್ನು ಕಂಡು ನನ್ನ ಹಮ್ಮು ಇನ್ನಷ್ಟು ಬೆಳೆಯಿತು. ಮಳೆಯ ನಾಡಿನಿಂದ ಬಂದವನಿಗೆ ಮಳೆಯ ನಾಡಿನ ಭಯವೇನು ಎಂದುಕೊಂಡೆ.

ಅಲ್ಲಿನ ಕಾಡಿನಲ್ಲಿ ಭಯಪಡುವಂತಹ ಪ್ರಾಣಿಗಳೂ ಇಲ್ಲ. ನೆಲದ ಮೇಲೆ ಹಾವು ಇಲ್ಲ, ಹುಲಿ ಚಿರತೆಗಳಿಲ್ಲ. ಮನುಷ್ಯರು ತಂದುಬಿಟ್ಟ ಪ್ರಾಣಿಗಳನ್ನು ಬಿಟ್ಟರೆ, ನೆಲದ ಮೂಲ ಸಸ್ತನಿಗಳೆಂದರೆ ಬಾವಲಿಗಳು ಮಾತ್ರ. ಬೀಚ್ ಮರಗಳ ನೆರಳಿನಲ್ಲಿ ನಡೆಯುವಾಗ ಬೀಸಣಿಗೆಯಂತಹ ಬಾಲವುಳ್ಳ ಪುಟ್ಟ ಹಕ್ಕಿಯೊಂದು, ನಮ್ಮ ಕಾಲ್ತುಳಿತಕ್ಕೆ ಏಳುವ ಹುಳುಗಳನ್ನು ಹಿಡಿಯಲು, ಹಿಂಬಾಲಿಸಿ ಬರುತ್ತದೆ. ಇಷ್ಟು ಸೌಮ್ಯವಾದ ಕಾಡಿನಲ್ಲಿ ಅಪಾಯವೆಂದರೆ ನೀರು ಮತ್ತು ಚಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ಬಂದ ವಲಸೆಗಾರರಲ್ಲಿ ಹೊಳೆ ದಾಟುವಾಗ ಮುಳುಗಿ ಸತ್ತವರು ಎಷ್ಟು ಮಂದಿಯೆಂದರೆ, ನೀರಿನಲ್ಲಿ ಮುಳುಗಿ ಸಾಯುವುದಕ್ಕೆ 'ನ್ಯೂಜಿಲೆಂಡಿನ ಸಾವು' ಎಂಬ ಹೆಸರೇ ಬಿದ್ದಿತ್ತು.

ಈ ಕಾಡು ಬೆಟ್ಟಗಳ ಉದ್ದಗಲಕ್ಕೂ ನಡೆಯುವವರಿಗಾಗಿ ಚಿಕ್ಕ ಚಿಕ್ಕ ತಂಗುಮನೆಗಳಿವೆ. 1987ರಲ್ಲಿ ಆರಂಭವಾದ ಅಲ್ಲಿನ ಸಂರಕ್ಷಣಾ ಇಲಾಖೆಯೊಂದೇ ಇಂತಹ ಒಂಬೈನೂರಕ್ಕೂ ಹೆಚ್ಚು ಮನೆಗಳನ್ನು ನೋಡಿಕೊಳ್ಳುತ್ತದೆ. ಹೊರನಾಡಿನಿಂದ ತಂದುಬಿಟ್ಟ ಜಿಂಕೆಗಳು ಮಿತಿಮೀರಿ ಬೆಳೆದು ಕಾಡನ್ನು ಮೇಯತೊಡಗಿದಾಗ, ಅವುಗಳ ಸಂಖ್ಯೆಯನ್ನು ತಗ್ಗಿಸಲು ಸರ್ಕಾರ ನೇಮಿಸಿದ ಬೇಟೆಗಾರರ ವಸತಿಗಾಗಿ ಕಟ್ಟಿದ ಮನೆಗಳು ಇವುಗಳಲ್ಲಿ ಅನೇಕ. ನಾಲ್ಕಾರು ಮಂದಿ ಮಲಗಬಹುದಾದ ಹಲಗೆಯ ಮಂಚ, ಒಂದು ಕಬ್ಬಿಣದ ಒಲೆ, ಒಂದು ಕೊಡಲಿ, ಒಂದು ದಾಖಲೆ ಪುಸ್ತಕ, ಇಷ್ಟೇ ಅಲ್ಲಿನ ಸಂಪತ್ತು. ಬಾಗಿಲಿಗೆ ಬೀಗವಿಲ್ಲ, ಕಾವಲಿಗೆ ಜನರಿಲ್ಲ. ಬಂದವರು ಪುಸ್ತಕದಲ್ಲಿ ತಮ್ಮ ಹೆಸರನ್ನೂ, ಎಲ್ಲಿಂದ ಬಂದೆವು, ಎಲ್ಲಿಗೆ ಹೋಗುತ್ತೇವೆ ಎಂಬುದನ್ನೂ ಬರೆಯಬೇಕು. ಯಾರಾದರೂ ಕಾಣೆಯಾದರೆ ಹುಡುಕುವವರಿಗೆ ಅದೇ ಮೊದಲ ಸುಳಿವು. ಹೊರಡುವ ಮುನ್ನ ಮನೆಯನ್ನು ಗುಡಿಸಿ, ತಾವು ಉರಿಸಿದಷ್ಟು ಸೌದೆಯನ್ನು ಮತ್ತೆ ತುಂಬಿಸಿಟ್ಟು ಹೋಗಬೇಕೆಂಬುದು ಅಲ್ಲಿನ ನಡವಳಿಕೆ.

ಆಗಸ್ಟ್ ತಿಂಗಳಲ್ಲಿ ನಾನೂ, ನನ್ನಂತೆಯೇ ಹೊರದೇಶದಿಂದ ಬಂದಿದ್ದ ಇನ್ನೊಬ್ಬ ವಿದ್ಯಾರ್ಥಿಯೂ ಡನೀಡಿನ್ನಿಗೆ ಸಮೀಪದ ಬೆಟ್ಟಗಳಲ್ಲಿ ಅಂತಹ ಒಂದು ತಂಗುಮನೆಯಲ್ಲಿ ಒಂದು ರಾತ್ರಿ ಕಳೆದೆವು. ಹೊರಗೆ ಹಿಮ ಬಿದ್ದಿತ್ತು. ಒಳಗೆ ಯಾರೋ ಒಟ್ಟಿಟ್ಟಿದ್ದ ಸೌದೆಯ ರಾಶಿಯಿತ್ತು. ಬೆಂಕಿಯ ಸೊಗಸಿಗೆ ಮರುಳಾಗಿ ನಡುರಾತ್ರಿಯವರೆಗೆ ತುಂಡಿನ ಮೇಲೆ ತುಂಡು ಹಾಕಿ ಉರಿಸಿದೆವು. ಬೆಳಗಾದಾಗ ಒಲೆಯಲ್ಲಿ ಬೂದಿ, ಮೂಲೆಯಲ್ಲಿ ಚಕ್ಕೆಯ ಪುಡಿ ಮಾತ್ರ ಉಳಿದಿದ್ದುವು. ಗೋಡೆಯ ಮೇಲೆ ಸೌದೆಯ ವಿಷಯವಾಗಿ ಬರೆದಿದ್ದ ಸೂಚನೆಯನ್ನು ಓದಿದೆವು. ಆದರೆ ಮಧ್ಯಾಹ್ನದೊಳಗೆ ಊರು ಸೇರುವ ಆತುರ. 'ಈ ಚಳಿಯಲ್ಲಿ ಇನ್ನು ಯಾರು ಬರುತ್ತಾರೆ?' ಎಂದುಕೊಂಡು ಪುಸ್ತಕದಲ್ಲಿ ಹೆಸರು ಬರೆದು ಇಳಿದುಬಿಟ್ಟೆವು. ಅಂದು ಅದು ನನಗೆ ತಪ್ಪೆಂದೇ ತೋರಲಿಲ್ಲ.

ಸೆಪ್ಟೆಂಬರ್ ತಿಂಗಳ ಕೊನೆಯ ಭಾಗದಲ್ಲಿ ನಾವು ನಾಲ್ವರು ವಿದ್ಯಾರ್ಥಿಗಳು ಮೌಂಟ್ ಆಸ್ಪಯರಿಂಗ್ ರಾಷ್ಟ್ರೀಯ ಉದ್ಯಾನದ ಕಣಿವೆಯೊಂದಕ್ಕೆ ಹೊರಟೆವು. ನಮ್ಮ ಮುಂದಾಳು ಕುರಿ ಸಾಕಣೆಯ ಮನೆತನದಲ್ಲಿ ಬೆಳೆದ, ಮಿತಭಾಷಿಯಾದ ಒಬ್ಬ ವಿದ್ಯಾರ್ಥಿನಿ. ಭಾನುವಾರ ಸಂಜೆ ಹಿಂದಿರುಗುವುದೆಂದು ಗೊತ್ತಾಗಿದ್ದರೂ ಆಕೆ ತನ್ನ ಗೆಳತಿಯೊಬ್ಬಳಿಗೆ, 'ಸೋಮವಾರ ರಾತ್ರಿಯಾದರೂ ನಾವು ಬಾರದಿದ್ದರೆ ಆಗ ಪೊಲೀಸರಿಗೆ ತಿಳಿಸು' ಎಂದು ಬರೆದುಕೊಟ್ಟಳು. ಒಂದು ದಿನ ಹೆಚ್ಚು ಏಕೆಂದು ಕೇಳಿದೆ. 'ಹೊಳೆಗಳ ಅನುಮತಿ ಬೇಕಲ್ಲ' ಎಂದಳು. ನಾನು ನಕ್ಕೆ. ನನ್ನ ಹತ್ತಿಬಟ್ಟೆಯ ಷರಾಯಿಯನ್ನು ನೋಡಿ, 'ಉಣ್ಣೆಯದು ಇಲ್ಲವೆ? ಹತ್ತಿ ನೆನೆದರೆ ಮೈಯ ಬಿಸಿಯನ್ನು ಹೀರುತ್ತದೆ, ಉಣ್ಣೆ ನೆನೆದರೂ ಒಂದಿಷ್ಟು ಕಾಯುತ್ತದೆ' ಎಂದಳು. ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುವವರ ನಾಡಿನಿಂದ ಬಂದವನು ಆ ಮಾತನ್ನು ಕೇಳಬೇಕಾಗಿತ್ತು, ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಹೊರಟಾಗ ಆಕಾಶ ತಿಳಿಯಾಗಿತ್ತು. ನಡುವೆ ಒಂದು ಹಳೆಯ ಸಣ್ಣ ತಂಗುಮನೆ ಸಿಕ್ಕಿತಾದರೂ ನಾವು ನಿಲ್ಲಲಿಲ್ಲ. ಕಣಿವೆಯ ತಲೆಯಲ್ಲಿರುವ ದೊಡ್ಡ ತಂಗುಮನೆ ನಮ್ಮ ಗುರಿಯಾಗಿತ್ತು. ನಡುಹಗಲಿನ ಹೊತ್ತಿಗೆ ಪಶ್ಚಿಮದಿಂದ ಮೋಡಗಳು ಪರ್ವತದ ಮೇಲೆ ಉರುಳಿ ಬಂದು ಮಳೆ ಹಿಡಿಯಿತು. ಮೂರು ಗಂಟೆಯ ಸುಮಾರಿಗೆ ಒಂದು ಹಳ್ಳದ ದಡಕ್ಕೆ ಬಂದೆವು. ಅದಕ್ಕೆ ಸೇತುವೆಯಿರಲಿಲ್ಲ. ದಾಟಿ ಅರ್ಧ ಗಂಟೆ ನಡೆದರೆ ಬೆಚ್ಚನೆಯ ಮನೆ. ಹಿಂದಿರುಗಿದರೆ ಎರಡು ಗಂಟೆಯ ದಾರಿ. ಅಗಲ ಮೂವತ್ತು ಅಡಿಗಿಂತ ಹೆಚ್ಚಿರಲಾರದು.

'ದಾಟಿಬಿಡೋಣ. ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಹಳ್ಳಗಳನ್ನು ದಾಟಿದ್ದೇನೆ' ಎಂದೆ.

ಆಕೆ ಉತ್ತರ ಕೊಡಲಿಲ್ಲ. ಒಂದು ಕೋಲನ್ನು ನೀರಿಗೆ ಎಸೆದು ದಡದ ಮೇಲೆ ಅದರ ಜೊತೆಗೇ ನಡೆಯತೊಡಗಿದಳು. ನಾಲ್ಕು ಹೆಜ್ಜೆಯಲ್ಲೇ ಕೋಲು ಆಕೆಯನ್ನು ಹಿಂದಿಕ್ಕಿ ಮಾಯವಾಯಿತು. 'ನಾವು ನಡೆಯುವ ವೇಗಕ್ಕಿಂತ ನೀರಿನ ವೇಗ ಹೆಚ್ಚಾಗಿದ್ದರೆ ಕಾಲಿಡಬಾರದು' ಎಂದು ಹೇಳಿ, ಕಿವಿಗೊಟ್ಟು ಕೇಳುವಂತೆ ಸನ್ನೆ ಮಾಡಿದಳು. ನೀರಿನ ಮೊರೆತದ ಅಡಿಯಲ್ಲಿ ಗುಡುಗಿನಂತಹ ಇನ್ನೊಂದು ಸದ್ದಿತ್ತು. ಅದು ಹಳ್ಳದ ತಳದಲ್ಲಿ ಬಂಡೆಗಳು ಉರುಳುವ ಸದ್ದು. ಬೆಳಿಗ್ಗೆ ಕಂಡ ಹಳ್ಳಗಳ ತಿಳಿನೀಲಿ ನೀರು ಇಲ್ಲಿ ಕೆಸರಿನ ಬಣ್ಣಕ್ಕೆ ತಿರುಗಿತ್ತು. ಬೇರು ಸಮೇತ ಕಿತ್ತ ಪೊದೆಯೊಂದು ತೇಲಿಹೋಯಿತು.

'ನೀನು ದಾಟಿದ್ದು ನೀನು ಹುಟ್ಟಿ ಬೆಳೆದ ಹಳ್ಳ. ಇದನ್ನು ನೋಡಿ ನಿನಗೆ ಹತ್ತು ನಿಮಿಷವಾಯಿತು' ಎಂದಳು ಆಕೆ. ಮಾತಿನಲ್ಲಿ ಕೊಂಕಿರಲಿಲ್ಲ. ನನಗೆ ಸಂಕದ ನೆನಪಾಯಿತು. ಊರಿನ ಹಳ್ಳವನ್ನು ನಾನು ದಾಟಿದ್ದು ನನ್ನ ಧೈರ್ಯದಿಂದಲ್ಲ. ಮಳೆಗಾಲಕ್ಕೆ ಮುನ್ನವೇ ಹಿರಿಯರು ಮರ ಕಡಿದು ಹಾಕಿಟ್ಟ ಸಂಕದ ಮೇಲೆ. ಅವರಾರೂ ಇಲ್ಲದ ಈ ದಡದಲ್ಲಿ ನನ್ನ ಅನುಭವಕ್ಕೆ ಬೆಲೆಯಿರಲಿಲ್ಲ. ನಾವು ಹಿಂದಿರುಗಿದೆವು.

ಆ ಎರಡು ಗಂಟೆಯ ದಾರಿ ನನ್ನ ಬಾಳಿನ ಅತಿ ಉದ್ದದ ದಾರಿಯೆನ್ನಬೇಕು. ಹಿಮ ಬೆರೆತ ಮಳೆ. ನೆನೆದ ಷರಾಯಿ ಕಾಲಿಗೆ ಅಂಟಿ ಮಂಜುಗಡ್ಡೆಯಾದಂತಿತ್ತು. ಮೊದಮೊದಲು ಮೈ ನಡುಗಿತು. ಬರಬರುತ್ತ ಬೆರಳುಗಳು ಮರಗಟ್ಟಿದುವು, ಮಾತು ತೊದಲತೊಡಗಿತು. ಒಂದೆಡೆ, 'ಇಲ್ಲಿಯೇ ಸ್ವಲ್ಪ ಕುಳಿತುಕೊಳ್ಳುತ್ತೇನೆ' ಎಂದೆನಂತೆ. ಮೈಯ ಬಿಸಿ ಇಳಿದುಹೋಗುವಾಗ ಮನುಷ್ಯನ ಬುದ್ಧಿಯೂ ಮಂಕಾಗುತ್ತದೆ. ಅಂಥವರನ್ನು ಕೂರಲು ಬಿಡಬಾರದೆಂದು ತಿಳಿದಿದ್ದ ಅವರು ನನ್ನ ಚೀಲವನ್ನು ಹಂಚಿಕೊಂಡು ಹೊತ್ತು, ನನ್ನನ್ನು ನಡುವೆ ಇಟ್ಟುಕೊಂಡು ನಡೆಸಿದರು.

ಹಳೆಯ ತಂಗುಮನೆಯ ಬಾಗಿಲನ್ನು ತಳ್ಳಿದಾಗ ಕತ್ತಲಾಗುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಕೈದೀಪದ ಬೆಳಕು ಒಲೆಯ ಪಕ್ಕಕ್ಕೆ ಬಿದ್ದಾಗ ನನ್ನ ಕಣ್ಣಿಗೆ ಕಂಡದ್ದು ಒಂದು ಹೊರೆ ಸೌದೆ. ತೆಳ್ಳಗೆ ಸೀಳಿದ ಚಕ್ಕೆ ಒಂದು ಕಡೆ, ತೋಳುಗಾತ್ರದ ತುಂಡುಗಳು ಇನ್ನೊಂದು ಕಡೆ, ಎಲ್ಲವೂ ಒಣಗಿ ಗರಿಗರಿಯಾಗಿದ್ದುವು. ಪಕ್ಕದಲ್ಲಿ ಮುಚ್ಚಳ ಬಿಗಿದ ಡಬ್ಬಿಯೊಳಗೆ ಬೆಂಕಿಪೊಟ್ಟಣ. ಐದು ನಿಮಿಷದಲ್ಲಿ ಬೆಂಕಿ ಹೊತ್ತಿತು. ಅವರು ನನ್ನ ಒದ್ದೆ ಬಟ್ಟೆ ತೆಗೆಸಿ, ಒಣ ಉಡುಪು ತೊಡಿಸಿ, ಬಿಸಿಯಾದ ಸಿಹಿ ಚಹಾ ಕುಡಿಸಿದರು. ಅರ್ಧ ಗಂಟೆಯ ಮೇಲೆ ಬೆರಳುಗಳಿಗೆ ಜೀವ ಬಂದಿತು; ಜೀವ ಬರುವ ಆ ನೋವಿಗೆ ಕಣ್ಣಲ್ಲಿ ನೀರೂ ಬಂದಿತು.

ಆಮೇಲೆ ಆಕೆ ದಾಖಲೆ ಪುಸ್ತಕವನ್ನು ನನ್ನ ಮುಂದಿಟ್ಟಳು. ಹನ್ನೊಂದು ದಿನಗಳ ಹಿಂದೆ ಇಬ್ಬರು ಅಲ್ಲಿ ತಂಗಿದ್ದರು. ಅವರ ಹೆಸರುಗಳ ಮುಂದೆ ಒಂದೇ ಸಾಲು: 'ಸೌದೆ ಒಡೆದು ಒಳಗಿಟ್ಟಿದ್ದೇವೆ, ಹೊರಗಿನದು ನೆನೆದಿದೆ.' ನಾನು ಆ ಸಾಲನ್ನು ಎಷ್ಟೋ ಸಲ ಓದಿದೆ. ನನ್ನ ಮುಖ ಕಾಣದವರು, ನನ್ನ ಹೆಸರು ತಿಳಿಯದವರು, ನಾನು ಬರುತ್ತೇನೆಂಬ ಖಚಿತವೂ ಇಲ್ಲದವರು, ತಮ್ಮ ದಾರಿಯ ಒಂದು ಗಂಟೆಯನ್ನು ನನಗಾಗಿ ಕೊಟ್ಟುಹೋಗಿದ್ದರು. ಆಗ ಆಗಸ್ಟ್ ತಿಂಗಳ ಆ ಇನ್ನೊಂದು ಒಲೆ, ಅದರ ತುಂಬ ನಾನು ಬಿಟ್ಟುಬಂದ ಬೂದಿ ಕಣ್ಣಮುಂದೆ ಬಂದುವು. ಬೆಂಕಿಯ ಮುಂದೆ ಕುಳಿತು ಆ ಸಂಗತಿಯನ್ನು ಮೂವರಿಗೂ ಹೇಳಿದೆ. ಯಾರೂ ಛೀಮಾರಿ ಹಾಕಲಿಲ್ಲ. ಅವರು ಸುಮ್ಮನಿದ್ದುದೇ ನನಗೆ ಸಾಕಷ್ಟಾಯಿತು.

ಭಾನುವಾರವಿಡೀ ಮಳೆ ನಿಲ್ಲಲಿಲ್ಲ. ಆ ಪರ್ವತಗಳ ಹಳ್ಳಗಳು ಎಷ್ಟು ಬೇಗ ಏರುತ್ತವೆಯೋ ಅಷ್ಟೇ ಬೇಗ ಇಳಿಯುತ್ತವೆ. ಸೋಮವಾರ ಬೆಳಿಗ್ಗೆ ದಾರಿ ತೆರೆದಿತ್ತು. ತರಗತಿಗಳು ತಪ್ಪಿದ್ದುವು, ಮಂಗಳವಾರ ಒಪ್ಪಿಸಬೇಕಾದ ವರದಿಯೊಂದು ಬಾಕಿಯಿತ್ತು. ಆದರೂ ಈ ಸಲ 'ಹೊರಡೋಣ' ಎನ್ನಲು ನನಗೆ ಬಾಯಿ ಬರಲಿಲ್ಲ. ನೆಲಕ್ಕೆ ಬಿದ್ದ ಒಣಮರವನ್ನಷ್ಟೇ ಕಡಿಯಬೇಕು, ನಿಂತ ಮರಕ್ಕೆ ಕೊಡಲಿ ಹಾಕಬಾರದು. ಹುಡುಕಿ, ಹೊತ್ತು ತಂದು, ಸೀಳಿ, ಒಳಗೆ ಒಟ್ಟುವಷ್ಟರಲ್ಲಿ ಎರಡು ಗಂಟೆ ಕಳೆಯಿತು. ಸಂಜೆ ರಸ್ತೆಗೆ ಬಂದೊಡನೆ ಆಕೆ ಮಾಡಿದ ಮೊದಲ ಕೆಲಸ ಗೆಳತಿಗೆ ಸುದ್ದಿ ಮುಟ್ಟಿಸಿದ್ದು.

ನವೆಂಬರಿನಲ್ಲಿ ಪರೀಕ್ಷೆಗಳು ಮುಗಿದುವು. ಊರಿಗೆ ಹೊರಡಲು ನಾಲ್ಕು ದಿನಗಳಿದ್ದಾಗ ನಾನೊಬ್ಬನೇ ಆಗಸ್ಟಿನ ಆ ತಂಗುಮನೆಗೆ ಮತ್ತೆ ಹತ್ತಿದೆ. ಈಗ ವಸಂತದ ಕೊನೆಯ ದಿನಗಳು, ಹಿಮವಿರಲಿಲ್ಲ. ಪುಸ್ತಕ ತೆರೆದು ನಮ್ಮ ಹೆಸರುಗಳಿದ್ದ ಪುಟವನ್ನು ಹುಡುಕಿದೆ. ಅದರ ಕೆಳಗೆ, ನಾವು ಇಳಿದುಹೋದ ಮರುದಿನದ ತಾರೀಖಿನಲ್ಲಿ, ಒಬ್ಬ ತಂದೆಯ ಮತ್ತು ಇಬ್ಬರು ಮಕ್ಕಳ ಹೆಸರುಗಳಿದ್ದುವು. ಮುಂದೆ ಬರೆದಿತ್ತು: 'ಸೌದೆಯಿರಲಿಲ್ಲ. ಬಹಳ ಚಳಿ.' ದೂರು ಅಷ್ಟೇ. ಅವರಿಗೆ ಏನೂ ಆಗಲಿಲ್ಲವೆಂಬುದು, ಮರುದಿನ ಹೊರಟರೆಂದು ಆ ತಂದೆಯೇ ಬರೆದ ಕೊನೆಯ ಸಾಲಿನಿಂದ ತಿಳಿಯಿತು. ಆ ಮಕ್ಕಳು ಆ ರಾತ್ರಿಯನ್ನು ಹೇಗೆ ಕಳೆದರೋ ನಾನರಿಯೆ. ಅಂದು ಹಗಲೆಲ್ಲ ಸೌದೆ ಒಡೆದೆ. ಅಂಗೈಯಲ್ಲಿ ಬೊಬ್ಬೆಗಳೆದ್ದುವು. ಮೂಲೆ ತುಂಬಿತು. ಆದರೆ ನಾನು ತುಂಬಿಸಿದ್ದು ಮುಂದೆ ಬರುವವರಿಗೆ; ಅಂದು ಬಂದವರ ಸಾಲ ಸಾಲವಾಗಿಯೇ ಉಳಿಯಿತು.

ಮಾವೊರಿ ಜನರಲ್ಲಿ 'ಕೈತಿಯಾಕಿತಂಗ' ಎಂಬ ಒಂದು ಮಾತಿದೆ. ನೆಲ ಜಲಗಳನ್ನು ಕಾಪಾಡಿ ಮುಂದಿನ ತಲೆಮಾರಿಗೆ ಒಪ್ಪಿಸುವ ಹೊಣೆ ಎಂಬುದು ಅದರ ಸಾರ. ತರಗತಿಯಲ್ಲಿ ಅದನ್ನು ಕೇಳಿದಾಗ ಪರೀಕ್ಷೆಗೆ ಬರಬಹುದಾದ ಪದವೆಂದು ಬರೆದುಕೊಂಡಿದ್ದೆ. ಅದರ ಅರ್ಥ ತಿಳಿಯಲು ಕೊಡಲಿ ಹಿಡಿಯಬೇಕಾಯಿತು.

ಊರಿಗೆ ಬಂದ ಮೇಲೆ ಒಂದು ದಿನ ಅಜ್ಜನೊಡನೆ ಹಳೆಯ ಕಾಲುದಾರಿಯಲ್ಲಿ ಹೋಗುತ್ತಿದ್ದೆ. ದಾರಿಯ ಅಂಚಿನಲ್ಲಿ ಎದೆಮಟ್ಟದ ಎರಡು ನೆಟ್ಟ ಕಲ್ಲುಗಳು, ಅವುಗಳ ಮೇಲೊಂದು ಅಡ್ಡಗಲ್ಲು. ಚಿಕ್ಕಂದಿನಿಂದ ಅದನ್ನು ಕಂಡಿದ್ದೆ, ಏಕೆಂದು ಕೇಳಿರಲಿಲ್ಲ. ಅಜ್ಜ ಹೇಳಿದರು: 'ತಲೆಹೊರೆ ಹೊತ್ತು ಬರುವವರು ಒಬ್ಬರೇ ಆದಾಗ, ಇನ್ನೊಬ್ಬರ ಕೈ ಬೇಡದೆ ಹೊರೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಳ್ಳಲಿ ಅಂತ ಹಿಂದಿನವರು ನಿಲ್ಲಿಸಿದ್ದು ಕಣೋ. ಇಲ್ಲೇ ಬೇಸಗೆಯಲ್ಲಿ ಅರವಟಿಗೆಯೂ ಇತ್ತು. ಬಂದವರಿಗೆಲ್ಲ ನೀರು ಮಜ್ಜಿಗೆ ಕೊಡುತ್ತಿದ್ದರು.' ನಿಲ್ಲಿಸಿದವರ ಹೆಸರು ಕಲ್ಲಿನ ಮೇಲೆ ಇರಲಿಲ್ಲ.

ಇಷ್ಟು ಸಮೀಪದಲ್ಲಿದ್ದುದನ್ನು ಕಾಣಲು ಅಷ್ಟು ದೂರ ಹೋಗಿಬರಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಕಲ್ಲಿನ ಸುತ್ತ ಮುಳ್ಳು ಬೆಳೆದು ಮುಚ್ಚಿಕೊಂಡಿತ್ತು. ಅಜ್ಜನ ಕೈಯಿಂದ ಕತ್ತಿಯನ್ನು ಇಸಿದುಕೊಂಡು ನಾನು ಅದನ್ನು ಸವರತೊಡಗಿದೆ. 'ಈಗ ಈ ದಾರಿಯಲ್ಲಿ ಹೊರೆ ಹೊತ್ತು ಯಾರು ಬರುತ್ತಾರೆ?' ಎಂದು ಅಜ್ಜ ನಕ್ಕರು. ಅದೇ ಪ್ರಶ್ನೆಯನ್ನು ನಾನು ಹಿಂದೊಮ್ಮೆ ಇನ್ನೊಂದು ಬೆಟ್ಟದ ಮೇಲೆ ಕೇಳಿಕೊಂಡಿದ್ದೆ. 'ಯಾರಾದರೂ ಬರಬಹುದು ಅಜ್ಜ' ಎಂದು ಹೇಳಿ ಕೆಲಸವನ್ನು ಮುಂದುವರಿಸಿದೆ.